ಡೆಂಗಿಗೆ ಮನೆಬಾಗಿಲಿಗೆ ಬರುವವರು ಇದಕ್ಕೂ ಒಮ್ಮೆ ಬನ್ನಿ

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಆಯುಕ್ತರಿಗೆ,

ನಮಸ್ಕಾರ.

ನಾನು ಉತ್ತರ ಕರ್ನಾಟಕದ ಒಂದು ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಹದಿನೇಳು ವರ್ಷದಿಂದ ಇದೇ ಕೆಲಸ. ಮಕ್ಕಳು ನನ್ನನ್ನು ಅಕ್ಕೋರು ಅನ್ನುತ್ತಾರೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾನು ಹೇಳಹೊರಟ, ಮೆದುಳಲ್ಲಿ ಹುಳದ ಚೀಲ ಕಟ್ಟಿ ಫಿಟ್ಸ್ ಬಂದ ಹುಡುಗಿ ಯಾರು ಅಂತ ಸುತ್ತಲಿನವರಿಗೆಲ್ಲ ಗೊತ್ತಾಗಿಬಿಡುತ್ತದೆ. ಅವಳಿಗೆ ಇನ್ನೂ ಮದುವೆ ಆಗಬೇಕು ಅಂತ ಅವಳ ಅಜ್ಜಿ ಈಗಲೇ ಚಿಂತೆ ಮಾಡುತ್ತಿದ್ದಾರೆ. ಹುಡುಗಿಗೆ ಹನ್ನೊಂದು ವರ್ಷ.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ. ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಬೋರ್ಡಿನ ಮುಂದೆ ಲೆಕ್ಕ ಮಾಡುತ್ತಿದ್ದವಳ ಬಲಗೈ ಜಗ್ಗತೊಡಗಿತು. ಚಾಕ್‌ಪೀಸ್ ಕೆಳಗೆ ಬಿತ್ತು. ಆಟ ಮಾಡುತ್ತಿದ್ದಾಳೆ ಅಂದುಕೊಂಡು ಗದರಿದೆ. ಅಷ್ಟರಲ್ಲಿ ಬಾಯಿ ಸೊಟ್ಟಗಾಯಿತು, ಕಣ್ಣು ಮೇಲಾಯಿತು, ದಪ್ ಅಂತ ಬಿದ್ದಳು. ಯಾರೋ ಬೀಗದ ಕೈ ಗೊಂಚಲು ತಂದು ಅವಳ ಅಂಗೈಯಲ್ಲಿ ಒತ್ತಿದರು. ಇನ್ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ನಾನೇನು ಕಮ್ಮಿ? ನಾಲಿಗೆ ಕಚ್ಚಿಕೊಳ್ಳುತ್ತಾಳೆ ಅಂತ ಬಾಯಿಗೆ ಚಮಚ ತುರುಕಲು ಹೋದೆ. ಓದಿದವಳು, ಊರಿಗೆ ಬುದ್ಧಿ ಹೇಳುವವಳು ಮಾಡಿದ ಕೆಲಸ ಅದು.

ಆಗ ಮಾಡಬೇಕಾಗಿದ್ದು ತೀರಾ ಸುಲಭವಾಗಿತ್ತು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ತಲೆ ಕೆಳಗೆ ಮೆತ್ತಗಿನದೇನಾದರೂ ಇಡಬೇಕು. ಬಾಯೊಳಗೆ ಏನನ್ನೂ ಹಾಕಬಾರದು. ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಹದಿನೇಳು ವರ್ಷದಲ್ಲಿ ಎಷ್ಟೋ ತರಬೇತಿಗೆ ಹೋಗಿದ್ದೇನೆ. ಈ ನಾಲ್ಕು ಮಾತು ಒಂದರಲ್ಲೂ ಬಂದಿರಲಿಲ್ಲ.

ಮನೆಯವರು ಮೊದಲು ಗಾಳಿ ಸೋಕಿದೆ ಅಂದರು. ತಾಯತ ಬಂತು. ಅಮಾವಾಸ್ಯೆಗೆ ಒಂದು ಗುಡಿಗೆ ಹೋಗಿ ಬಂದರು. ತಿಂಗಳಾದ ಮೇಲೆ ರಾತ್ರಿ ಮತ್ತೆ ಬಂತು. ತಾಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ಇನ್ನೊಂದು ದೊಡ್ಡಾಸ್ಪತ್ರೆಗೆ. ಅಪ್ಪ ಒಂದು ಜೊತೆ ಎತ್ತಿನಲ್ಲಿ ಒಂದನ್ನು ಮಾರಿದರು. ಒಂಟಿ ಎತ್ತು ಇಟ್ಟುಕೊಂಡು ಏನು ಮಾಡುವುದು ಅಂತ ಮುಂದಿನ ವಾರ ಅದನ್ನೂ ಮಾರಿದರು. ಸ್ಕ್ಯಾನಿನಲ್ಲಿ ಮೆದುಳೊಳಗೆ ಬಟಾಣಿಗಿಂತ ಸಣ್ಣದೊಂದು ಉಂಗುರ ಕಂಡಿತು. ಒಬ್ಬ ಡಾಕ್ಟರು ಟಿಬಿ ಗಂಟು ಇರಬಹುದು ಅಂದರು. ಮತ್ತೊಬ್ಬರು ಅಲ್ಲ, ಇದು ಹುಳದ ಚೀಲ, ಹಂದಿಯಲ್ಲೂ ಇರುವ ಲಾಡಿಹುಳುವಿನ ಮರಿ ಅಂದರು. ಎರಡನೆಯವರು ಹೇಳಿದ್ದೇ ನಿಜವಾಯಿತು. ಈ ರೋಗಕ್ಕೆ ನ್ಯೂರೋಸಿಸ್ಟಿಸರ್ಕೋಸಿಸ್ ಅಂತ ಹೆಸರು. ಚೀಟಿ ನೋಡಿಕೊಂಡು ಓದುವುದಕ್ಕೇ ನನಗೆ ವಾರ ಬೇಕಾಯಿತು.

ಮೊದಲಿನ ಡಾಕ್ಟರನ್ನು ನಾನು ದೂರುವುದಿಲ್ಲ. ನಮ್ಮ ದೇಶಕ್ಕೆ ಸಿಟಿ ಸ್ಕ್ಯಾನ್ ಬಂದ ಹೊಸದರಲ್ಲಿ ಫಿಟ್ಸ್ ಬಂದವರ ಮೆದುಳಲ್ಲಿ ಇಂಥ ಒಂಟಿ ಉಂಗುರ ಬಹಳ ಕಾಣುತ್ತಿತ್ತಂತೆ. ಟಿಬಿ ಇರುವ ದೇಶ, ಹಾಗಾಗಿ ಟಿಬಿಯೇ ಇರಬೇಕು ಅಂತ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ಜೊತೆಯವರು ಆ ಗಂಟುಗಳನ್ನು ಹೊರತೆಗೆದು ಪರೀಕ್ಷೆ ಮಾಡಿದಾಗ, ಬಹಳಷ್ಟರಲ್ಲಿ ಸಾಯುತ್ತಿರುವ ಲಾಡಿಹುಳುವಿನ ಮರಿ ಸಿಕ್ಕಿತು. 1990ರ ಆಸುಪಾಸಿನ ಮಾತು ಇದು. ಇವತ್ತು ಪ್ರಪಂಚದ ಡಾಕ್ಟರುಗಳೆಲ್ಲ ಓದುವ ಪಾಠ ನಮ್ಮ ಪಕ್ಕದ ರಾಜ್ಯದಲ್ಲಿ ಬರೆದದ್ದು.

ಆಯುಕ್ತರೇ, ನಾನು ಈ ಪತ್ರ ಬರೆಯಲು ಕಾರಣ ಸ್ಕ್ಯಾನ್ ಅಲ್ಲ. ಆ ತಾಯಿ ಕೇಳಿದ ಒಂದು ಪ್ರಶ್ನೆ.

"ಅಕ್ಕೋರ, ನಾವು ತತ್ತಿ ಸುದ್ದಾ ಮುಟ್ಟಂಗಿಲ್ರಿ. ಹಂದಿ ಹುಳ ನಮ್ಮ ಹುಡಿಗಿ ತಲಿಯೊಳಗ ಹೆಂಗ ಬಂತ್ರಿ?"

ಅವರ ದನಿಯಲ್ಲಿ ಗೊಂದಲಕ್ಕಿಂತ ನಾಚಿಕೆ ಜಾಸ್ತಿ ಇತ್ತು. ಊರಲ್ಲಿ ಆಗಲೇ ಮಾತು ಹಬ್ಬಿತ್ತು. ಎಲ್ಲೋ ಕದ್ದು ತಿಂದಿದ್ದಾಳೆ, ಇಲ್ಲದಿದ್ದರೆ ಹಂದಿ ಹುಳ ಯಾಕೆ ಬರುತ್ತದೆ ಅಂತ. ನನಗೂ ಉತ್ತರ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿ, ಪುಸ್ತಕ ಹುಡುಕಿ ತಿಳಿದುಕೊಂಡೆ. ತಿಳಿದ ಮೇಲೆ ಬೇರೆಯದೇ ಸಿಟ್ಟು ಬಂತು.

ಈ ಹುಳುವಿಗೆ ಎರಡು ಮನೆ. ದೊಡ್ಡ ಹುಳು ಇರುವುದು ಮನುಷ್ಯರ ಕರುಳಲ್ಲಿ ಮಾತ್ರ. ಪರಕಾರಕ್ಕೆ ಹಾಕುವ ಲಾಡಿಯ ಹಾಗೆ ಚಪ್ಪಟೆ, ಬಿಳಿ, ಎರಡು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಅದರ ಬಾಲದ ತುಂಡುಗಳು ಕಳಚಿ ಮಲದ ಜೊತೆ ಹೊರಗೆ ಬರುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ. ಬಯಲಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಮೊಟ್ಟೆಯಿಂದ ಮರಿ ಹೊರಬಂದು ಹಂದಿಯ ಮಾಂಸದಲ್ಲಿ ಚೀಲ ಕಟ್ಟಿಕೊಂಡು ಕೂರುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಲ್ಲಿ ಮತ್ತೆ ದೊಡ್ಡ ಹುಳು. ಹೀಗೆ ಸುತ್ತು ಮುಗಿಯಬೇಕಿತ್ತು.

ಆದರೆ ಅದೇ ಮೊಟ್ಟೆ ಮನುಷ್ಯರ ಬಾಯಿಗೂ ಹೋಗುತ್ತದೆ. ಹೋದರೆ ನಮ್ಮ ಮೈಯಲ್ಲಿ ಆಗುವುದು ಹಂದಿಗೆ ಆಗುವುದೇ. ಮರಿ ಕರುಳು ತೂರಿ ರಕ್ತ ಸೇರಿ ಸ್ನಾಯುವಿಗೋ ಕಣ್ಣಿಗೋ ಮೆದುಳಿಗೋ ಹೋಗಿ ಚೀಲ ಕಟ್ಟುತ್ತದೆ. ಬದುಕಿರುವಷ್ಟು ದಿನ ಸದ್ದಿಲ್ಲ. ತಿಂಗಳು, ಕೆಲವೊಮ್ಮೆ ವರ್ಷಗಳೇ ಕಳೆಯುತ್ತವೆ. ಅದು ಸಾಯಲು ಶುರುವಾದಾಗ ದೇಹಕ್ಕೆ ಒಳಗೊಬ್ಬ ಕಳ್ಳ ಇದ್ದಾನೆ ಅಂತ ಗೊತ್ತಾಗುತ್ತದೆ. ಸುತ್ತ ಬಾವು ಬರುತ್ತದೆ. ಫಿಟ್ಸ್ ಬರುವುದು ಹೆಚ್ಚಾಗಿ ಆಗಲೇ.

ಅಂದರೆ ಹಂದಿ ಮಾಂಸ ತಿಂದವರಿಗೆ ಬರುವುದು ಹೊಟ್ಟೆಯ ಹುಳು. ಮೆದುಳಿನ ಚೀಲ ಬರುವುದು ಇನ್ನೊಬ್ಬ ಮನುಷ್ಯನ ಮಲದಿಂದ. ಶೌಚಕ್ಕೆ ಹೋಗಿ ಬಂದು ಕೈ ತೊಳೆಯದ ಒಬ್ಬರ ಉಗುರಿನಿಂದ ರೊಟ್ಟಿಗೆ, ರೊಟ್ಟಿಯಿಂದ ಮಗುವಿನ ಬಾಯಿಗೆ. ಹೊಟ್ಟೆಯಲ್ಲಿ ಹುಳು ಇದ್ದವರು ತಮ್ಮ ಕೈಯಿಂದಲೇ ತಮ್ಮ ಮೆದುಳಿಗೂ ತಂದುಕೊಳ್ಳಬಹುದು. ಸಸ್ಯಾಹಾರಿಗೂ ಬರುತ್ತದೆ, ಮಡಿ ಮಾಡುವವರಿಗೂ ಬರುತ್ತದೆ. ಕೊಡಗಿನ ಪಂದಿ ಕರಿ, ಮಂಗಳೂರಿನ ದುಕ್ರಾ ಮಾಸ್ ಅನ್ನುವ ಹಂದಿ ಅಡುಗೆಗಳು ಸುಮ್ನೆ ಬೈಸಿಕೊಳ್ಳುತ್ತಿವೆ. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಹುಳು ಉಳಿಯುವುದಿಲ್ಲ.

ಇನ್ನೊಂದು ಬೈಸಿಕೊಳ್ಳುತ್ತಿರುವುದು ಎಲೆಕೋಸು. "ಕೋಸಿನ ಹುಳ ಮೆದುಳಿಗೆ ಹೋಗುತ್ತೆ" ಅನ್ನುವ ವಾಟ್ಸಾಪ್ ಮೆಸೇಜು ನನಗೇ ಹತ್ತು ಸಲ ಬಂದಿದೆ. ಕೋಸಿನೊಳಗಿನ ಹಸಿರು ಹುಳ ಚಿಟ್ಟೆಯದ್ದೋ ಪತಂಗದ್ದೋ ಮರಿ. ಅದು ಎಲ್ಲಿಗೂ ಹೋಗುವುದಿಲ್ಲ, ಬೇಯುತ್ತದೆ ಅಷ್ಟೇ. ಕೋಸಾಗಲಿ, ಕೊತ್ತಂಬರಿಯಾಗಲಿ, ತೊಂದರೆ ಇರುವುದು ಕಣ್ಣಿಗೆ ಕಾಣದ ಮೊಟ್ಟೆಯಿಂದ. ಆ ಮೊಟ್ಟೆ ಬರುವುದು ಹೊಲಕ್ಕೆ ಹರಿಸುವ ಚರಂಡಿ ನೀರಿನಿಂದ ಅಥವಾ ಹೊಲದ ಬದಿಗೆ ಕೂತು ಎದ್ದವರಿಂದ. ಹುಬ್ಬಳ್ಳಿ-ಧಾರವಾಡದ ಸುತ್ತ ಊರ ಕೊಳಚೆ ನೀರಿನಲ್ಲಿ ತರಕಾರಿ ಬೆಳೆಯುವ ಬಗ್ಗೆ ಇಪ್ಪತ್ತು ವರ್ಷದ ಹಿಂದೆಯೇ ಅಧ್ಯಯನ ಆಗಿದೆ. ನಮ್ಮ ಕಡೆ ಹಕ್ಕರಕಿ, ಮೆಂತ್ಯೆ, ಮೂಲಂಗಿಯನ್ನು ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಅದನ್ನು ಬಿಡಿ ಅಂತ ನಾನಂತೂ ಹೇಳಲಾರೆ, ನನಗೇ ಬಿಡಲಾಗುವುದಿಲ್ಲ. ಬುಟ್ಟಿ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತಿದ್ದವಳು ಈಗ ನಳದ ಕೆಳಗೆ ಎಲೆ ಎಲೆ ಬಿಡಿಸಿ ಮೂರು ನಾಲ್ಕು ಸಲ ತೊಳೆಯುತ್ತೇನೆ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ.

ಕಳೆದ ವರ್ಷ ನಮ್ಮ ಊರಲ್ಲಿ ಒಬ್ಬರಿಗೆ ಡೆಂಗಿ ಬಂತು. ಮೂರನೇ ದಿನಕ್ಕೆ ಆಶಾ ಕಾರ್ಯಕರ್ತೆ ಬಂದರು, ಆರೋಗ್ಯ ಸಹಾಯಕರು ಬಂದರು. ಮನೆ ಮನೆಗೂ ಹೋಗಿ ಡ್ರಮ್ಮು, ಬಾನಿ, ಹಳೇ ಟೈರು ಎಲ್ಲ ನೋಡಿದರು. ಲಾರ್ವಾ ಇದ್ದ ನೀರನ್ನು ನಿಂತು ಚೆಲ್ಲಿಸಿದರು. ಗೋಡೆ ಮೇಲೆ ತಾರೀಖು ಬರೆದು ಹೋದರು. ನಮ್ಮ ಶಾಲೆಯ ಗೋಡೆ ಮೇಲೂ ಬರೆದಿದೆ. ಟಿಬಿ ಬಂದರೂ ಹಾಗೆಯೇ. 2012ರಿಂದ ಟಿಬಿ ಕೇಸನ್ನು ವರದಿ ಮಾಡುವುದು ಕಡ್ಡಾಯ. ಮನೆಯಲ್ಲಿ ಮತ್ಯಾರು ಕೆಮ್ಮುತ್ತಾರೆ ಅಂತ ಕೇಳಿಕೊಂಡು ಬರುತ್ತಾರೆ.

ಒಂಬತ್ತು ವರ್ಷದ ಹುಡುಗಿಯ ಮೆದುಳಲ್ಲಿ ಹುಳದ ಚೀಲ ಸಿಕ್ಕಿತು. ಯಾರೂ ಬರಲಿಲ್ಲ.

ಆ ಚೀಲ ಅಂದರೆ ಏನರ್ಥ, ಯೋಚನೆ ಮಾಡಿ. ಆ ಮಗು ತಿಂದ ಊಟ, ಮುಟ್ಟಿದ ಕೈ, ಆಡಿದ ಮಣ್ಣು ಇವುಗಳ ಹತ್ತಿರದಲ್ಲೇ ಎಲ್ಲೋ ಒಬ್ಬ ಮನುಷ್ಯರ ಹೊಟ್ಟೆಯಲ್ಲಿ ದೊಡ್ಡ ಹುಳು ಇತ್ತು. ಬಹುಶಃ ಈಗಲೂ ಇದೆ. ಅವರಿಗೇ ಅದು ಗೊತ್ತಿರಲಿಕ್ಕಿಲ್ಲ, ಏಕೆಂದರೆ ಹೊಟ್ಟೆಯ ಲಾಡಿಹುಳು ಅಂಥ ತೊಂದರೆ ಕೊಡುವುದಿಲ್ಲ. ಅವರು ದಿನಾ ಯಾರಿಗೋ ರೊಟ್ಟಿ ಬಡಿಯುತ್ತಿರಬಹುದು, ಯಾವುದೋ ಕೂಸಿಗೆ ತುತ್ತು ಮಾಡಿ ಉಣಿಸುತ್ತಿರಬಹುದು. ಸಿಕ್ಕರೆ ಒಂದೇ ದಿನದ ಔಷಧಿ. ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್, ಒಂದೇ ಡೋಸು. ಆ ಹುಳು ಹೋದರೆ ಸುತ್ತಲಿನ ಮಕ್ಕಳಿಗೆ ಅಲ್ಲಿಂದ ಬರುತ್ತಿದ್ದ ಮೊಟ್ಟೆ ನಿಂತಿತು. ಹುಡುಕುವವರು ಬೇಕು ಅಷ್ಟೇ.

ಇದು ನಾನು ಕೂತು ಹೊಸೆದ ಕಲ್ಪನೆಯಲ್ಲ. 1990-91ರಲ್ಲಿ ನ್ಯೂಯಾರ್ಕಿನ ಸಾಂಪ್ರದಾಯಿಕ ಯಹೂದಿ ಸಮುದಾಯದ ನಾಲ್ವರಿಗೆ ಒಬ್ಬರಾದ ಮೇಲೊಬ್ಬರಂತೆ ಫಿಟ್ಸ್ ಬಂತು. ಅವರಲ್ಲಿ ಹಂದಿ ಮಾಂಸ ಧರ್ಮಕ್ಕೇ ನಿಷಿದ್ಧ. ನಮ್ಮ ಹುಡುಗಿಯ ತಾಯಿಯ ಪ್ರಶ್ನೆಯೇ ಅಲ್ಲೂ ಎದ್ದಿರಬೇಕು. ಆದರೆ ಅಲ್ಲಿನ ಆರೋಗ್ಯ ಅಧಿಕಾರಿಗಳು ಸ್ಕ್ಯಾನ್ ನೋಡಿ ಫೈಲು ಮುಚ್ಚಲಿಲ್ಲ. ಮನೆಗಳಿಗೆ ಹೋದರು. ಮನೆಯವರನ್ನು, ಅಡುಗೆ-ಮನೆಗೆಲಸದವರನ್ನು ಪರೀಕ್ಷೆ ಮಾಡಿದರು. ಒಂದು ಮನೆಯ ಕೆಲಸದವರಲ್ಲಿ ಲಾಡಿಹುಳು ಸಿಕ್ಕಿತು. 1992ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಇದನ್ನು ಓದಿ ಯಾರೂ ಮನೆಗೆಲಸದವರ ಮೇಲೆ ಗೂಬೆ ಕೂರಿಸಬೇಡಿ. ನಮ್ಮಲ್ಲಿ ಹುಳು ಮಾಲೀಕರ ಹೊಟ್ಟೆಯಲ್ಲೂ ಇರಬಹುದು, ಟೀಚರ ಹೊಟ್ಟೆಯಲ್ಲೂ ಇರಬಹುದು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು ಈ ಸುದ್ದಿ ತಿಳಿದು ಹೆದರಿದರು. "ನಮ್ಮ ಕೆಲಸ ಹೋಕ್ಕೈತೇನ್ರಿ ಅಕ್ಕೋರ?" ಅಂತ ಕೇಳಿದರು. ಹಾಗಾಗಿಯೇ ಹೇಳುತ್ತಿದ್ದೇನೆ. ಪರೀಕ್ಷೆ ಮಾಡುವುದಾದರೆ ನನ್ನಿಂದ, ಹೆಡ್ ಮಾಸ್ತರರಿಂದ ಶುರು ಮಾಡಿ. ಹುಳು ಸಿಕ್ಕವರಿಗೆ ಔಷಧಿ ಕೊಡಿ, ಎರಡು ದಿನ ಸಂಬಳದ ರಜೆ ಕೊಡಿ. ಹೆಸರು ಯಾರಿಗೂ ಹೇಳಬೇಡಿ. ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದರೆ ಯಾರೂ ಪರೀಕ್ಷೆಗೆ ಮಲದ ಡಬ್ಬಿ ತಂದುಕೊಡುವುದಿಲ್ಲ. ಇನ್ನೊಂದು ವಿಷಯ, ಮಲ ಪರೀಕ್ಷೆ ಒಂದೇ ಸಲ ಮಾಡಿದರೆ ಹುಳು ತಪ್ಪಿಸಿಕೊಳ್ಳಬಹುದು, ದಿನಾ ಮೊಟ್ಟೆ ಬೀಳುವುದಿಲ್ಲ. ಬೇರೆ ಬೇರೆ ದಿನ ಮೂರು ಸಲ ನೋಡಬೇಕು. "ಬಿಳಿ ಲಾಡಿ ತುಂಡಿನಂಥದ್ದು ಯಾವತ್ತಾದರೂ ಬಿದ್ದಿತ್ತಾ?" ಅಂತ ಬಾಯಿಬಿಟ್ಟು ಕೇಳಬೇಕು. ಈ ಪ್ರಶ್ನೆ ಕೇಳಲು ನಾಚಿಕೆ ಇಲ್ಲದವರು ಅಂದರೆ ನಮ್ಮ ಆಶಾ ಅಕ್ಕಂದಿರೇ.

ನಿಮ್ಮಲ್ಲಿ ಕೆಲವರು ಅನ್ನಬಹುದು, ಜಂತುಹುಳು ಮಾತ್ರೆ ಕೊಡುತ್ತಿದ್ದೇವಲ್ಲಾ ಅಂತ. ಹೌದು, ಕೊಡುವವಳು ನಾನೇ. 2015ರಿಂದ ಫೆಬ್ರವರಿ 10, ಆಗಸ್ಟ್ 10 ಅಂದರೆ ನನಗೆ ಹಬ್ಬದ ದಿನ ಇದ್ದ ಹಾಗೆ. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್. ದೊಡ್ಡವರಿಗೆ 400 ಮಿಲಿಗ್ರಾಂ, ಎರಡು ವರ್ಷದೊಳಗಿನವರಿಗೆ ಅರ್ಧ. ಎದುರಿಗೆ ನಿಲ್ಲಿಸಿಕೊಂಡು ಅಗಿಸಿ ನುಂಗಿಸುತ್ತೇನೆ. ಒಳ್ಳೆಯ ಕೆಲಸ, ನಿಲ್ಲಿಸಬಾರದು. ಆದರೆ ಅದು ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳುಗಳಿಗೆ ಅಂತ ಮಾಡಿದ ಕಾರ್ಯಕ್ರಮ. ಆ ಒಂದು ಮಾತ್ರೆಯಿಂದ ಲಾಡಿಹುಳು ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಅದೂ ಅಲ್ಲದೆ ನಮ್ಮ ಮಾತ್ರೆ ಹತ್ತೊಂಬತ್ತು ವರ್ಷಕ್ಕೆ ನಿಲ್ಲುತ್ತದೆ. ರೊಟ್ಟಿ ಬಡಿಯುವವರ ವಯಸ್ಸು ಮೂವತ್ತು, ನಲವತ್ತು, ಅರವತ್ತು.

ಇನ್ನೂ ಒಂದು ಎಡವಟ್ಟು ಇದೆ. ಮೆದುಳಿನ ಹುಳುವಿಗೆ ಕೊಡುವ ಔಷಧಿಯೂ ಅಲ್ಬೆಂಡಜೋಲೇ. ಆ ಹುಡುಗಿಯ ಸುದ್ದಿ ಕೇಳಿ ನಮ್ಮ ಊರಿನ ಒಬ್ಬ ತಂದೆ ಮೆಡಿಕಲ್ ಶಾಪಿನಿಂದ ಸ್ಟ್ರಿಪ್ ತಂದು, ಮೊದಲೇ ಫಿಟ್ಸ್ ಇದ್ದ ಮಗನಿಗೆ ದಿನಾ ಕೊಡಲು ಹೊರಟಿದ್ದರು. ಹೆಸರು ಒಂದೇ, ಆದರೆ ಕೊಡುವ ರೀತಿ ಬೇರೆ. ಮೆದುಳಲ್ಲಿ ಹುಳು ಒಮ್ಮೆಲೇ ಸಾಯಲು ಶುರುವಾದರೆ ಬಾವು ಜಾಸ್ತಿಯಾಗುತ್ತದೆ. ಅದಕ್ಕೇ ಡಾಕ್ಟರು ಮೊದಲು ಸ್ಕ್ಯಾನ್ ನೋಡುತ್ತಾರೆ, ಕಣ್ಣಲ್ಲಿ ಚೀಲ ಇದೆಯಾ ಅಂತ ನೋಡುತ್ತಾರೆ, ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ, ಫಿಟ್ಸ್ ಮಾತ್ರೆ ಕೊಡುತ್ತಾರೆ. ಚೀಲ ತುಂಬಾ ಇದ್ದು ಮೆದುಳು ಊದಿಕೊಂಡಿದ್ದರೆ ಹುಳುವಿನ ಔಷಧಿ ಕೊಡುವುದೇ ಇಲ್ಲ. ಫೆಬ್ರವರಿ 10ಕ್ಕೆ ನಮಗೆ ಕಳಿಸುವ ಸೂಚನೆಯಲ್ಲಿ ಒಂದು ಸಾಲು ಸೇರಿಸಿ, ಆಯುಕ್ತರೇ. ಫಿಟ್ಸ್ ಬಂದ ಮಗು ಇದ್ದರೆ ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳಿ ಅಂತ, ದಪ್ಪ ಅಕ್ಷರದಲ್ಲಿ.

ನಮ್ಮ ಹುಡುಗಿ ಪುಣ್ಯವಂತೆ. ಒಂಟಿ ಚೀಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇಂಥದ್ದೇ, ಎಷ್ಟೋ ಸಲ ತಾನಾಗಿಯೇ ಕರಗುತ್ತದೆ. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಮಾಡಿಸಿದಾಗ ಉಂಗುರ ಇರಲಿಲ್ಲ. ಕೆಲವರಿಗೆ ಅದು ಸುಣ್ಣಗಟ್ಟಿ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ, ಫಿಟ್ಸ್ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಅಂಥ ಮಕ್ಕಳಿಗೆ ಫಿಟ್ಸ್ ಮಾತ್ರೆ ತಪ್ಪಬಾರದು. ಇವಳಿಗೆ ನಡುವೆ ಒಂದು ತಿಂಗಳು ತಪ್ಪಿತು. ಹತ್ತಿರದ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ, ಪೇಟೆಗೆ ಹೋಗಿ ಬರಲು ಒಂದು ದಿನದ ಕೂಲಿ ಬೇಕು. ಆ ತಿಂಗಳಲ್ಲೇ ಮೂರನೇ ಸಲ ಬಂತು. ಅದಾದ ಮೇಲೆ ಅವಳನ್ನು ನಾಲ್ಕು ತಿಂಗಳು ಶಾಲೆಗೇ ಕಳಿಸಲಿಲ್ಲ.

ಈ ರೋಗ ಎಷ್ಟು ಮಕ್ಕಳಿಗಿದೆ ಅಂತ ನಾನು ನಿಮ್ಮನ್ನು ಕೇಳಿದರೆ ತಾಲೂಕುವಾರು ಲೆಕ್ಕ ಕೊಡುತ್ತೀರಾ? ಡೆಂಗಿಯ ಲೆಕ್ಕ ದಿನಾ ಪೇಪರಿನಲ್ಲಿ ಬರುತ್ತದೆ. ಇದರದ್ದು ನಾನು ಒಮ್ಮೆಯೂ ನೋಡಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದು ವಾಪಸು ಹೋದ ಸೈನಿಕರಿಗೆ ಎಷ್ಟೋ ವರ್ಷದ ಮೇಲೆ ಫಿಟ್ಸ್ ಬರುವುದನ್ನು ಅವರ ಸೇನೆಯ ಡಾಕ್ಟರುಗಳು 1930ರ ದಶಕದಲ್ಲಿ ಗಮನಿಸಿದರು. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕಾಂಬ್ ಅನ್ನುವ ಇಬ್ಬರು 450 ಜನರ ಲೆಕ್ಕ ಒಟ್ಟು ಮಾಡಿ ಬರೆದರು. ಇಲ್ಲಿಗೆ ಬಂದು ಹೋದವರ ಲೆಕ್ಕ ಅವರ ಹತ್ತಿರ ಇದೆ. ಇಲ್ಲೇ ಹುಟ್ಟಿ ಇಲ್ಲೇ ಇರುವ ನಮ್ಮ ಮಕ್ಕಳದ್ದು?

ಒಂದು ಸುಳಿವಂತೂ ನಮ್ಮ ರಾಜ್ಯದಲ್ಲೇ ಇದೆ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರನ್ನು ಮನೆ ಮನೆಗೆ ಹೋಗಿ ನೋಡಿ 2004ರಲ್ಲಿ ಬರೆದ ವರದಿಯದು. ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಮೂರ್ಛೆ ರೋಗ. ಹಳ್ಳಿಯಲ್ಲಿ ಪೇಟೆಗಿಂತ ಎರಡು ಪಟ್ಟು. ಹಳ್ಳಿಯ ಹೆಚ್ಚಳ ಪೂರಾ ಹುಳುವಿನಿಂದ ಅಂತ ನಾನು ಹೇಳುವುದಿಲ್ಲ, ಹೆರಿಗೆಯ ತೊಂದರೆ, ಜ್ವರ, ತಲೆಗೆ ಪೆಟ್ಟು ಎಲ್ಲವೂ ಇರುತ್ತವೆ. ಆದರೆ ಈ ಹುಳು ನೆಲೆಯೂರಿದ ಕಡೆಗಳಲ್ಲಿ ನೂರು ಮೂರ್ಛೆ ಕೇಸಿನಲ್ಲಿ ಸುಮಾರು ಮೂವತ್ತಕ್ಕೆ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡೆಯಬಹುದಾದ ಮೂರ್ಛೆ ಇದು. ವಂಶದಿಂದ ಬಂದದ್ದಲ್ಲ, ಹಣೆಬರಹ ಅಲ್ಲ, ಗಾಳಿ ಅಲ್ಲ.

ಹಂದಿಯ ಮಾತು ಬಾರದೆ ಈ ಪತ್ರ ಮುಗಿಯುವುದಿಲ್ಲ, ಅಲ್ವಾ? ಹುಡುಗಿಯ ವಿಷಯ ಗೊತ್ತಾದ ಮೇಲೆ ಊರ ಹಿರಿಯರು ಅರ್ಜಿ ಕೊಟ್ಟರು. ಹಂದಿ ಹಿಡಿಯುವವರು ಬಂದರು, ಒಂದು ಲಾರಿ ತುಂಬಿಕೊಂಡು ಹೋದರು. ಸಾಕಿದವರು ಲಾರಿ ಹಿಂದೆ ಅಳುತ್ತಾ ಓಡಿದರು. ಹದಿನೈದು ದಿನಕ್ಕೆ ಹೊಸ ಹಂದಿ ಬಂದವು. ಅದೇ ಚರಂಡಿ, ಅದೇ ಬಯಲು. ಹಂದಿಗೆ ಹುಳು ಕೊಟ್ಟವರು ನಾವೇ ಅನ್ನುವುದನ್ನು ಯಾರೂ ಹೇಳಲಿಲ್ಲ. 2019ರ ಅಕ್ಟೋಬರ್ 2ಕ್ಕೆ ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತ ಅಂತ ಘೋಷಣೆ ಆಯಿತು. ನಮ್ಮ ಓಣಿಯಲ್ಲಿ ಶೌಚಾಲಯ ಇಲ್ಲದ ಮನೆ ಇಲ್ಲ. ಮೂರು ಮನೆಯಲ್ಲಿ ಅದರೊಳಗೆ ಕುಳ್ಳು ಒಟ್ಟಿದ್ದಾರೆ. ಒಂದರಲ್ಲಿ ಸೈಕಲ್ ಇದೆ. ನೀರಿಲ್ಲದ ಬೇಸಿಗೆಯಲ್ಲಿ ಬೆಳಗಿನ ಜಾವ ತಂಬಿಗೆ ಹಿಡಿದು ಹೊರಟವರ ಸಾಲು ನೀವೇ ಬಂದು ನೋಡಬಹುದು.

ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರಕ್ಕೆ ಟುಂಬೆಸ್ ಅನ್ನುವ ಪ್ರದೇಶ ಇದೆ. ಅಲ್ಲಿ ಜನರಿಗೆ ಲಾಡಿಹುಳುವಿನ ಔಷಧಿ ಕೊಟ್ಟರು, ಹಂದಿಗಳಿಗೆ ಔಷಧಿ ಮತ್ತು ಲಸಿಕೆ ಕೊಟ್ಟರು. 107 ಹಳ್ಳಿಗಳಲ್ಲಿ 105ರಲ್ಲಿ ಹುಳು ಹರಡುವುದು ನಿಂತಿತ್ತು ಅಂತ 2016ರಲ್ಲಿ ವರದಿ ಬಂತು. ಲಾರಿಯಲ್ಲಿ ಹೊತ್ತೊಯ್ಯುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹಂದಿಗೆ ಹಾಕುವ ಆ ಬಗೆಯ ಲಸಿಕೆ, ಸಿಸ್ವ್ಯಾಕ್ಸ್ ಅಂತ ಹೆಸರು, ತಯಾರಾಗುವುದು ಎಲ್ಲಿ ಗೊತ್ತೇ? ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನಲ್ಲಿ. ನಮ್ಮ ಊರಿಂದ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಪಶುಸಂಗೋಪನೆ ಇಲಾಖೆಯವರು ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಮನೆ ಮನೆಗೆ ಬರುತ್ತಾರೆ. ಹಂದಿ ಸಾಕುವವರ ಓಣಿಗೆ ಅವರು ಬಂದದ್ದನ್ನು ನಾನು ನೋಡಿಲ್ಲ. ನಿಮ್ಮ ಇಲಾಖೆಯಲ್ಲ ಅದು, ಗೊತ್ತು. ಆದರೆ ಫೋನು ಮಾಡಲು ಅಡ್ಡಿ ಏನು?

ನಾನು ದೊಡ್ಡ ಆಸ್ಪತ್ರೆ ಕೇಳುತ್ತಿಲ್ಲ. ಸ್ಕ್ಯಾನಿನಲ್ಲಿ ಈ ಚೀಲ ಕಂಡ ದಿನವೇ, ಸರ್ಕಾರಿಯೋ ಖಾಸಗಿಯೋ, ಆ ಆಸ್ಪತ್ರೆಯಿಂದ ಮಗುವಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಸುದ್ದಿ ಹೋಗಬೇಕು. ವಾರದೊಳಗೆ ಒಬ್ಬರು ಆ ಮನೆಗೆ ಬಂದು, ಒಟ್ಟಿಗೆ ಉಣ್ಣುವವರು ಯಾರು, ಅಡುಗೆ ಮಾಡುವವರು ಯಾರು ಅಂತ ಕೇಳಿ, ಪರೀಕ್ಷೆಗೆ ಡಬ್ಬಿ ಕೊಟ್ಟು ಹೋಗಬೇಕು. ಹುಳು ಸಿಕ್ಕರೆ ಕೊಡುವ ಔಷಧಿ, ಫಿಟ್ಸ್ ಮಾತ್ರೆ ಎರಡೂ ಆ ಕೇಂದ್ರದ ಕಪಾಟಿನಲ್ಲೇ ಇರಬೇಕು. ಔಷಧಿಯನ್ನು ಡಾಕ್ಟರೇ ಕೊಡಲಿ, ಏಕೆಂದರೆ ಮನೆಯಲ್ಲಿ ಇನ್ನೊಬ್ಬರ ಮೆದುಳಲ್ಲೂ ಸದ್ದಿಲ್ಲದೆ ಚೀಲ ಇದ್ದರೆ ಪ್ರಾಜಿಕ್ವಾಂಟೆಲ್‌ನಿಂದಲೂ ಫಿಟ್ಸ್ ಬರಬಹುದಂತೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ನೀವೇ ಮೆದುಳು ಆರೋಗ್ಯದ ಕಾರ್ಯಕ್ರಮ ಶುರು ಮಾಡಿದಿರಿ, ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ಕ್ಲಿನಿಕ್ ತೆರೆದಿರಿ. ಈ ಲೆಕ್ಕ ಇಡಲು ಹೊಸ ಕಚೇರಿ ಬೇಡ, ಅಲ್ಲೇ ಒಂದು ರಿಜಿಸ್ಟರ್ ಸಾಕು.

ಮತ್ತೆ ಸೋಪು. ನಗಬೇಡಿ. ಹೋದ ವರ್ಷ ಜೂನಿನಿಂದ ಶಾಲೆಯ ನಳದ ಹತ್ತಿರ ನನ್ನ ದುಡ್ಡಿನಿಂದಲೇ ಸೋಪು ಇಡುತ್ತಿದ್ದೇನೆ. ಮೊದಲ ವಾರ ನಾಲ್ಕು ಸೋಪು ಮಾಯ. ಮಕ್ಕಳ ಮೇಲೆ ಅನುಮಾನಪಟ್ಟೆ. ಕಳ್ಳ ಕಾಗೆ ಅಂತ ಆಮೇಲೆ ಗೊತ್ತಾಯಿತು. ಈಗ ಹಳೇ ಸಾಕ್ಸಿನೊಳಗೆ ಸೋಪು ಹಾಕಿ ನಳಕ್ಕೆ ಕಟ್ಟಿದ್ದೇವೆ. ಒದ್ದೆ ಮಾಡಿ ತಿಕ್ಕಿದರೆ ನೊರೆ ಬರುತ್ತದೆ. ಶನಿವಾರ ಉಗುರು ನೋಡುತ್ತೇನೆ. ಐದನೇ ಕ್ಲಾಸಿನವರು ನನ್ನ ಉಗುರನ್ನೂ ನೋಡುತ್ತಾರೆ, ಅದು ಅವರೇ ಮಾಡಿದ ನಿಯಮ.

ಹುಡುಗಿ ಈಗ ಆರನೇ ಕ್ಲಾಸು. ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಾಯಿತು, ಡಾಕ್ಟರು ಹೇಳಿದ ಮೇಲೆಯೇ ನಿಲ್ಲಿಸಿದ್ದು. ಕಬಡ್ಡಿಗೆ ಸೇರಿಸಿಕೊಳ್ಳಿ ಅಂತ ಜಗಳ ಮಾಡುತ್ತಾಳೆ. ಭಾಗಾಕಾರ ಇನ್ನೂ ಅಷ್ಟಕ್ಕಷ್ಟೇ.

ಅವಳಿಗೆ ಒಬ್ಬ ತಮ್ಮ ಇದ್ದಾನೆ. ಈ ಜೂನಿನಲ್ಲಿ ಒಂದನೇ ಕ್ಲಾಸಿಗೆ ನನ್ನ ಹತ್ತಿರವೇ ಬಂದ. ಅವನು ಉಣ್ಣುವುದೂ ಅದೇ ಮನೆಯಲ್ಲಿ, ಅದೇ ಓಣಿಯಲ್ಲಿ. ಅವರ ಮನೆ ಶಾಲೆಯಿಂದ ಐದು ನಿಮಿಷದ ದಾರಿ. ನೀವು ಯಾರನ್ನಾದರೂ ಕಳಿಸಿದರೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಇಂತಿ,
ಒಬ್ಬ ಸರ್ಕಾರಿ ಶಾಲೆಯ ಟೀಚರ್